ಸಂಬಳಕ್ಕೆ ಬಿದ್ದ ಕತ್ತರಿ: ದುಡ್ಡು ಎಲ್ಲಿಗೆ ಹೋಯಿತು?

ತಿಂಗಳ ಮೊದಲ ವಾರ. ಕೈಗೆ ಬಂದ ಸಂಬಳ ಎಣಿಸಿದರೆ 200 ರೂಪಾಯಿ ಕಮ್ಮಿ. "ಸರ್ಕಾರಕ್ಕೆ ಹೋಯ್ತಪ್ಪ" ಎನ್ನುತ್ತಾರೆ ಯಜಮಾನರು. ನಿಜವಾಗಿ ಹೋಯಿತೇ? ಹೋಗಬೇಕಿತ್ತೇ?

ಇದು ವೃತ್ತಿ ತೆರಿಗೆ. ರಾಜ್ಯದಲ್ಲಿ 1976ರ ಕಾಯಿದೆಯಂತೆ ವಸೂಲಾಗುತ್ತದೆ. ಮೊದಲು 15,000 ರೂಪಾಯಿ ಸಂಬಳಕ್ಕೇ ಬೀಳುತ್ತಿತ್ತು. 2023ರ ಏಪ್ರಿಲ್‌ನಿಂದ 25,000ಕ್ಕಿಂತ ಕಡಿಮೆ ಇರುವವರಿಗೆ ಇಲ್ಲ. ಹಳೇ ರೂಢಿಯಂತೆ 18,000ದ ಗುಮಾಸ್ತನಿಂದ ಈಗಲೂ ಮುರಿದುಕೊಂಡರೆ ವರ್ಷಕ್ಕೆ 2,400 ರೂಪಾಯಿ. ಅದು ತೆರಿಗೆಯಲ್ಲ ಸ್ವಾಮಿ, ಅವನ ಮನೆಯ ಅಕ್ಕಿ.

25,000 ಮುಟ್ಟಿದವರಿಗೆ 11 ತಿಂಗಳು 200. 2025ರ ತಿದ್ದುಪಡಿಯಂತೆ ಫೆಬ್ರವರಿಯಲ್ಲಿ ಮಾತ್ರ 300. ಒಟ್ಟು 2,500. ಸಂವಿಧಾನದ 276ನೇ ವಿಧಿ ಎಳೆದ ಗೆರೆಯೂ ಅಷ್ಟೇ.

ಅಂಗಡಿ ಮಾಲೀಕರೂ ಒಂದು ಮಾತು ತಿಳಿದಿರಬೇಕು. ಸಂಬಳದಲ್ಲಿ ಹಿಡಿಯಲಿ, ಬಿಡಲಿ, ಕಟ್ಟುವ ಹೊಣೆ ಮಾಲೀಕರದೇ. "ಆಮೇಲೆ ನೋಡೋಣ" ಅಂತ ಬಿಟ್ಟರೆ ಬಾಕಿಗೆ ಬಡ್ಡಿ, ಅದರ ಮೇಲೆ ದಂಡ. ಹಿಡಿದ ದುಡ್ಡನ್ನು ಗಲ್ಲಾಪೆಟ್ಟಿಗೆಯಲ್ಲೇ ಉಳಿಸಿಕೊಂಡವರಿಗಂತೂ ಸಮಜಾಯಿಷಿ ಹೇಳಲು ಬಾಯಿಲ್ಲ.

ಪುರಸಭೆಯ ಮನೆ ಕಂದಾಯವನ್ನು ಇದಕ್ಕೆ ಬೆರೆಸಬೇಡಿ. ಅದು ಆಸ್ತಿಯ ಮೇಲಿನ ತೆರಿಗೆ. ಕೆಲಸದವನ ಕಂದಾಯ ಬಾಕಿ ಇದೆ ಅಂತ ಯಜಮಾನರು ತಾವಾಗಿಯೇ ಅವನ ಸಂಬಳಕ್ಕೆ ಕೈಹಾಕುವಂತಿಲ್ಲ.

ದುಡಿಯುವವರು ಸಂಬಳದ ಚೀಟಿ ಕೇಳಲಿ. ಕೊಡುವವರು ತೆರಿಗೆ ಕಟ್ಟಿದ ರಸೀದಿ ತೋರಿಸಲಿ. ಲೆಕ್ಕ ಚೊಕ್ಕವಾಗಿದ್ದರೆ ಇಬ್ಬರಿಗೂ ರಾತ್ರಿ ನಿದ್ದೆ ಬರುತ್ತದೆ.