ತಾತನ ಪೈಪು ಮತ್ತು ಉಪ್ಪು ಕಾಗದ

ಮೊದಲೇ ಹೇಳಿಬಿಡ್ತೀನಿ, ನಾನು ಹೊಗೆಸೊಪ್ಪು ಮುಟ್ಟುವವನಲ್ಲ. ಆದರೂ ಹೋದ ತಿಂಗಳು ಒಂದು ವಾರ ಪೂರ್ತಿ ಕೈಯಲ್ಲಿ ಪೈಪು, ಕಣ್ಣಿಗೆ ಭೂತಗನ್ನಡಿ ಹಿಡ್ಕೊಂಡು ಕೂತಿದ್ದೆ. ಮನೆಯವಳು ಎರಡು ಸಲ ಬಂದು ನೋಡಿ, ಏನೂ ಹೇಳದೆ ಒಳಗೆ ಹೋದಳು :)

ನಮ್ಮ ತಾತ ಕೊಡಗಿನ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ಅವರ ಲೆಕ್ಕ ಮೆಚ್ಚಿ 1930ರಲ್ಲಿ ಬಿಳಿ ದೊರೆ ಉಡುಗೊರೆ ಕೊಟ್ಟ ಬೆಳ್ಳಿ ಕಟ್ಟಿನ ಪೈಪು ಇದು ಅನ್ನೋದು ನಮ್ಮನೆ ಪುರಾಣ. ಮದುವೆ, ಮುಂಜಿ, ತಿಥಿ ಯಾವುದೇ ಇರಲಿ, ಚಿಕ್ಕಪ್ಪ ಈ ಕಥೆ ಹೇಳದೆ ಊಟಕ್ಕೆ ಏಳೋದಿಲ್ಲ. ಈಗ ಪೈಪು ನನ್ನ ಪಾಲಿಗೆ ಬಂದಿದೆ. ಇದರ ವಯಸ್ಸು ಎಷ್ಟು ಅಂತ ನೋಡೇಬಿಡೋಣ ಅನ್ನಿಸ್ತು.

ಇದು ಡಬ್ಲಿನ್ನಿನ ಪೀಟರ್ಸನ್ ಪೈಪು. ಹೊಗೆಯ ಜೊತೆ ಬರುವ ತೇವ ಒಳಗೇ ಒಂದು ಗುಂಡಿಯಲ್ಲಿ ನಿಲ್ಲುವ ಇವರ 'ಸಿಸ್ಟಂ' ಪೈಪಿಗೆ 1890ರಲ್ಲೇ ಪೇಟೆಂಟ್ ಸಿಕ್ಕಿತ್ತು. ಇವುಗಳ ವಯಸ್ಸು ತಿಳಿಯೋಕೆ ಒಂದು ಸುಲಭದ ದಾರಿ ಇದೆ. ಮರದ ಮೇಲೆ ಒತ್ತಿದ ದೇಶದ ಹೆಸರು ಓದಬೇಕು, ಅಷ್ಟೇ. ಐರ್ಲೆಂಡ್ 1922ರಿಂದ 1937ರವರೆಗೆ 'ಐರಿಷ್ ಫ್ರೀ ಸ್ಟೇಟ್' ಆಗಿತ್ತು, ಆಮೇಲೆ 'ಏರ' ಆಯಿತು, 1949ರ ಏಪ್ರಿಲ್‌ನಿಂದ 'ರಿಪಬ್ಲಿಕ್ ಆಫ್ ಐರ್ಲೆಂಡ್'. ಹಳೇ ಅಚ್ಚನ್ನು ಕಾರ್ಖಾನೆಯವರು ಹೆಸರು ಬದಲಾದ ಮೇಲೂ ಸ್ವಲ್ಪ ದಿನ ಬಳಸಿರಬಹುದು. ಆದರೆ ಇನ್ನೂ ಹುಟ್ಟದ ಹೆಸರನ್ನು ಮೊದಲೇ ಒತ್ತೋಕೆ ಸಾಧ್ಯವಿಲ್ಲವಲ್ಲ! ಅಂದರೆ ಈ ಮುದ್ರೆ 'ಇದಕ್ಕಿಂತ ಹಳೆಯದಲ್ಲ' ಅಂತ ಖಂಡಿತವಾಗಿ ಹೇಳುತ್ತೆ.

ತಾತನ ಪೈಪಿನ ಮೇಲೆ ಏನಿತ್ತು ಅಂತ ನೀವು ಊಹಿಸಿರಬಹುದು. 'ಮೇಡ್ ಇನ್ ದಿ ರಿಪಬ್ಲಿಕ್ ಆಫ್ ಐರ್ಲೆಂಡ್'. 1930 ಢಮಾರ್!

ಬೆಳ್ಳಿ ಕಟ್ಟು? ಅದೂ ಹೋಯ್ತು. ಡಬ್ಲಿನ್ನಿನ ನಿಜವಾದ ಬೆಳ್ಳಿ ಮುದ್ರೆಯಲ್ಲಿ ಕಿರೀಟವಿಟ್ಟ ಹಾರ್ಪ್ ವಾದ್ಯ, ಕೂತಿರುವ ಹೈಬರ್ನಿಯಾ ದೇವಿ, ಜೊತೆಗೆ ವರ್ಷ ಸೂಚಿಸುವ ಒಂದು ಅಕ್ಷರ ಇರುತ್ತೆ. ನಮ್ಮದರಲ್ಲಿ ಇರೋದು ನಾಯಿ, ಗೋಪುರ, ಶ್ಯಾಮ್‌ರಾಕ್ ಎಲೆ. ಇವು ನಿಕ್ಕಲ್ ಕಟ್ಟಿನ ಮೇಲೆ ಅಂದಕ್ಕೆ ಒತ್ತಿದ ಚಿತ್ರಗಳು. ಎಷ್ಟೋ ಜನ ಇದನ್ನೇ ಬೆಳ್ಳಿ ಮುದ್ರೆ ಅಂದುಕೊಂಡು ಮೋಸ ಹೋಗ್ತಾರೆ. ನಾವು ಮೂರು ತಲೆಮಾರು ಹೋಗಿದ್ವಿ.

ಬಾಯಿಗಿಡುವ ಕಪ್ಪು ರಬ್ಬರಿನ ತುಂಡು ಮಾತ್ರ ಹೊಂದುತ್ತೆ. ಹೊಗೆಯ ತೂತು ತುದಿಯಲ್ಲಿಲ್ಲ, ಮೇಲ್ಮುಖವಾಗಿದೆ. ಅದು ಪೀಟರ್ಸನ್ನರ 1898ರ ಉಪಾಯ, ಹೊಗೆ ನಾಲಿಗೆಗೆ ಸೀದಾ ಬಡಿಯದಿರಲಿ ಅಂತ. ಹಳೇ ಗಟ್ಟಿ ರಬ್ಬರು ಬೆಳಕು ಗಾಳಿ ತಾಗಿ ಹಸಿರುಗಂದು ಬಣ್ಣಕ್ಕೆ ತಿರುಗುತ್ತೆ, ಇದೂ ತಿರುಗಿದೆ. ತಾತನ ಹಲ್ಲಿನ ಗುರುತೂ ಹಾಗೇ ಇದೆ.

ಬೆಂಗಳೂರಿನ ಒಬ್ಬ ಹಳೇ ಸಾಮಾನಿನ ವ್ಯಾಪಾರಿಗೆ ತೋರಿಸಿದೆ. "ಆ ಅಕ್ಷರ ತೊಂದ್ರೆ ಸಾರ್, ಉಪ್ಪು ಕಾಗದ ಹಾಕಿ ಉಜ್ಜಿಬಿಡೋಣ. ಫಳಫಳ ಅನ್ಸಿ ಬ್ರಿಟಿಷರ ಕಾಲದ್ದು ಅಂತ ಮಾರಬಹುದು" ಅಂದ. ಚಿಕ್ಕಪ್ಪನಿಗೆ ಫೋನ್ ಮಾಡಿದರೆ ಅವರದೂ ಅದೇ ರಾಗ, "ಅಳಿಸಿಬಿಡೋ, ಯಾರಿಗೆ ಗೊತ್ತಾಗತ್ತೆ?"

ನನ್ನ ತಕರಾರು ಇರೋದೇ ಇಲ್ಲಿ. ನಮಗೆ ಹಳೆಯದು ಬೇಕು, ಆದರೆ ಹೊಸದರ ಹಾಗೆ ಹೊಳೀಬೇಕು. ಹೊಳಪಿನ ಆಸೆಗೆ ಉಜ್ಜಿ ಉಜ್ಜಿ, ಅದರ ವಯಸ್ಸು ಹೇಳಬಲ್ಲ ಒಂದೇ ಒಂದು ಸಾಕ್ಷಿಯನ್ನೂ ಕಳೀತೀವಿ. ಬಣ್ಣ ಹೋದರೆ ಮತ್ತೆ ಹಚ್ಚಬಹುದು, ತುಂಡು ಮುರಿದರೆ ಬೇರೆ ಹಾಕಿಸಬಹುದು. ಅಳಿಸಿದ ಮುದ್ರೆಯನ್ನು ಮತ್ತೆ ಒತ್ತಿದರೆ ಅದು ಖೋಟಾ, ಅಷ್ಟೇ.

ಚಿಕ್ಕಪ್ಪ ಈಗ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅತ್ತೆಯನ್ನು ಕೇಳಿದೆ. ಎಂಬತ್ತು ದಾಟಿದ ಜೀವ, ನೆನಪು ಮಾತ್ರ ಗಟ್ಟಿ. "ಅಪ್ಪ ಮೊದಲೆಲ್ಲ ಬೀಡಿ ಸೇದ್ತಿದ್ರು ಕಣೋ. ದೊರೆ ತೋಟ ಮಾರಿ ಸೀಮೆಗೆ ಹೊರಟಾಗ ಇದನ್ನ ಕೊಟ್ಟು ಹೋದ. ನನಗಾಗ ಹತ್ತು ವರ್ಷ ಇರಬೇಕು. ಅವತ್ತು ಅಪ್ಪ ಊಟ ಮಾಡಲಿಲ್ಲ" ಅಂದರು.

ಲೆಕ್ಕ ಹಾಕಿದರೆ 1950ರ ಆಚೀಚೆ. ಮುದ್ರೆಗೂ ಮಾತಿಗೂ ತಾಳೆಯಾಯ್ತು. ಅವತ್ತು ತಾತ ಊಟ ಬಿಟ್ಟ ವಿಷಯ ಪುರಾಣದಲ್ಲಿ ಇರಲೇ ಇಲ್ಲ ನೋಡಿ.

ಪೈಪು ಈಗ ನನ್ನ ಮೇಜಿನ ಮೇಲಿದೆ, ಒಣ ಬಟ್ಟೆಯಲ್ಲಿ ಧೂಳು ಒರೆಸಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ. ನಿಮ್ಮ ಮನೆಯಲ್ಲೂ ಇಂಥ ಗಡಿಯಾರ, ಪೆನ್ನು, ಹಿತ್ತಾಳೆ ಸಾಮಾನು ಇರಬಹುದು. ಉಜ್ಜೋ ಮೊದಲು ಒಂದು ಸಲ ಭೂತಗನ್ನಡಿ ಹಿಡಿದು ನೋಡಿ. ಏನಾದರೂ ಸಿಕ್ಕಿದರೆ ನಮಗೂ ಹೇಳಿ.