ತೈಲಬಾವಿಯ ಬಿರಡೆಯೂ ಹೊಸ ಕಾಯಿದೆಯೂ

೧೯೪೮ನೆಯ ಇಸವಿಯ ತೈಲಕ್ಷೇತ್ರಗಳ ಕಾಯಿದೆಗೆ ೨೦೨೫ರ ಮಾರ್ಚಿ ತಿಂಗಳಲ್ಲಿ ನಮ್ಮ ಸಂಸತ್ತು ಮಹತ್ತ್ವದ ತಿದ್ದುಪಡಿಯೊಂದನ್ನು ಅಂಗೀಕರಿಸಿತಷ್ಟೆ. ರಾಜ್ಯಗಳ ಹಕ್ಕಿಗೆ ಕುಂದು ಬರುವುದೇ, ಖಾಸಗಿ ಬಂಡವಾಳಗಾರರಿಗೆ ಧೈರ್ಯ ಬರುವುದೇ ಎಂಬ ಪ್ರಶ್ನೆಗಳು ಆ ಸಂದರ್ಭದಲ್ಲಿ ಚರ್ಚಿತವಾದುವು. ಇವು ಚರ್ಚೆಗೆ ಅರ್ಹವಾದ ವಿಷಯಗಳೇ. ಆದರೆ ಆ ತಿದ್ದುಪಡಿಯಲ್ಲಿ ಅಕ್ಕಪಕ್ಕದಲ್ಲಿ ನಿಂತಿರುವ ಎರಡು ಅಂಶಗಳನ್ನು ಜೊತೆಗೂಡಿಸಿ ನೋಡಿದವರು ವಿರಳ. ಖನಿಜತೈಲವೆಂಬ ಮಾತಿನ ಅರ್ಥವನ್ನು ಹಿಗ್ಗಿಸಿ, ಶೇಲ್ ಶಿಲೆಯ ಅನಿಲ, ಕಲ್ಲಿದ್ದಲ ಪದರದ ಮಿಥೇನ್ ಮೊದಲಾದುವನ್ನು ಅದರೊಳಕ್ಕೆ ಸೇರಿಸಿರುವುದು ಒಂದು. ನಿಯಮಭಂಗಕ್ಕೆ ಇದ್ದ ಸೆರೆವಾಸವನ್ನು ತೆಗೆದು ಹಣದ ದಂಡವನ್ನು ಮಾತ್ರ ಉಳಿಸಿರುವುದು ಇನ್ನೊಂದು. ಈ ಎರಡರ ನಡುವೆ, ಯಾರ ಭಾಷಣದಲ್ಲಿಯೂ ಹೆಸರು ಪಡೆಯದ ಸಣ್ಣ ವಸ್ತುವೊಂದು ಇದೆ. ಅದು ಬಾವಿಯ ಬಿರಡೆ.

ಶೇಲ್ ಶಿಲೆಯಲ್ಲಿರುವ ಅನಿಲವು ಮಾಮೂಲಿನ ಬಾವಿ ತೋಡಿದ ಮಾತ್ರಕ್ಕೆ ಹೊರಬರತಕ್ಕದ್ದಲ್ಲ. ನೆಲದಡಿಯಲ್ಲಿ ಸಾವಿರಾರು ಅಡಿಗಳ ಆಳಕ್ಕೆ ಕೊಳವೆಯನ್ನಿಳಿಸಿ, ಅಲ್ಲಿಂದ ಅದನ್ನು ಅಡ್ಡಲಾಗಿ ತಿರುಗಿಸಿ, ಮರಳು ಬೆರೆತ ನೀರನ್ನು ಭಯಂಕರವಾದ ಒತ್ತಡದಿಂದ ನುಗ್ಗಿಸಿ ಬಂಡೆಯನ್ನು ಸೀಳಬೇಕಾಗುವುದು. ಇದನ್ನೇ ಫ್ರ್ಯಾಕಿಂಗ್ ಎನ್ನುವರು. ಅಮೇರಿಕೆಯ ಕ್ಯಾನ್ಸಾಸ್ ಸಂಸ್ಥಾನದ ಹ್ಯೂಗೊಟನ್ ಕ್ಷೇತ್ರದಲ್ಲಿ ೧೯೪೭ರಲ್ಲಿ ಇದರ ಮೊದಲ ಪ್ರಯೋಗವಾಯಿತು. ಚದರ ಅಂಗುಲವೊಂದಕ್ಕೆ ೧೦,೦೦೦ ಪೌಂಡುಗಳವರೆಗಿನ ಒತ್ತಡವು ಈಗ ಈ ಕೆಲಸದಲ್ಲಿ ಅಪರೂಪವಲ್ಲ. ಇಷ್ಟು ಬಲವು ಬೇಕಾದೆಡೆಯಲ್ಲಿ ಮಾತ್ರ ತಾಕಿ, ಬೇಡದೆಡೆಗೆ ಹೋಗದಂತೆ ಕೊಳವೆಯನ್ನು ಖಂಡಖಂಡವಾಗಿ ಮುಚ್ಚಬೇಕಲ್ಲವೆ? ಹಾಗೆ ಮುಚ್ಚುವ ಉಪಕರಣಗಳಿಗೆ ಪ್ಯಾಕರ್ ಎಂದೂ ಪ್ಲಗ್ ಎಂದೂ ಹೆಸರು.

ಈ ತತ್ತ್ವವು ನಮ್ಮ ವಾಚಕರಿಗೆ ತೀರ ಹೊಸದೇನೂ ಅಲ್ಲ. ಕನ್ನಡನಾಡಿನ ಕಲ್ಲುನೆಲದ ಹಳ್ಳಿಗಳಲ್ಲಿ ನೀರು ಕುಂದಿದ ಕೊಳವೆಬಾವಿಗೆ ರಬ್ಬರಿನ ಬಿರಡೆಯನ್ನಿಳಿಸಿ, ಅದರ ಕೆಳಗೆ ನೀರನ್ನು ಒತ್ತಿ, ಬಂಡೆಯ ಬಿರುಕುಗಳನ್ನು ತೆರೆಯಿಸುವ ಪದ್ಧತಿಯು ಬಹುಕಾಲದಿಂದ ಇದೆ. ಅಲ್ಲಿ ಬಿರಡೆ ಜಾರಿದರೆ ಒಂದು ದಿನದ ಕೆಲಸವು ಕೆಡುವುದು. ಅನಿಲದ ಬಾವಿಯಲ್ಲಿ ಜಾರಿದರೆ ಕೆಡುವುದು ಅಷ್ಟೇ ಅಲ್ಲ.

ಪ್ಯಾಕರ್ ಎಂಬುದರ ರಚನೆಯನ್ನು ಸ್ವಲ್ಪ ವಿವರಿಸುವುದು ಅವಶ್ಯ. ಉಕ್ಕಿನ ದಿಂಡೊಂದರ ಸುತ್ತ ರಬ್ಬರಿನ ದಪ್ಪ ತೋಳು. ಅದರ ಮೇಲೂ ಕೆಳಗೂ ಹಲ್ಲುಳ್ಳ ಲೋಹದ ಬೆಣೆಗಳು. ಉಪಕರಣವನ್ನು ಬಿಗಿದಾಗ ಬೆಣೆಗಳು ಹೊರಕ್ಕೆ ಸರಿದು ಕೊಳವೆಯ ಗೋಡೆಯನ್ನು ಕಚ್ಚುವುವು. ರಬ್ಬರು ಹಿಚುಕಲ್ಪಟ್ಟು ಉಬ್ಬಿ ಸಂದನ್ನು ತುಂಬುವುದು. ಪ್ಲಗ್ಗಿನ ಕೆಲಸವೂ ಬಹಳ ಮಟ್ಟಿಗೆ ಇಂತಹುದೇ. ಒಂದು ಖಂಡವನ್ನು ಸೀಳಿದ ಬಳಿಕ ಅದರ ಮೇಲೆ ಪ್ಲಗ್ಗನ್ನು ಕೂಡಿಸಿ, ಮುಂದಿನ ಖಂಡದ ಕೊಳವೆಗೆ ಸ್ಫೋಟಕದಿಂದ ತೂತು ಕೊರೆದು, ಪ್ಲಗ್ಗಿನ ಬಾಯಿಗೆ ಗುಂಡೊಂದನ್ನು ಕೂಡಿಸಿ ಮತ್ತೆ ನೀರನ್ನು ನುಗ್ಗಿಸುವರು. ಹೀಗೆ ಒಂದೇ ಬಾವಿಯಲ್ಲಿ ಇಪ್ಪತ್ತು, ಮೂವತ್ತು ಸಲ, ಕೆಲವೆಡೆ ಅದಕ್ಕೂ ಹೆಚ್ಚು. ಕೆಲಸ ಮುಗಿದ ಮೇಲೆ ಪ್ಲಗ್ಗುಗಳನ್ನು ಅರೆದು ತೆಗೆಯುವುದುಂಟು. ಬಾವಿಯ ದ್ರವದಲ್ಲಿ ತಾವಾಗಿಯೇ ಕರಗಿ ಹೋಗುವ ಮೆಗ್ನೀಸಿಯಂ ಮಿಶ್ರಲೋಹದ ಪ್ಲಗ್ಗುಗಳೂ ಈಗ ಬಂದಿವೆ.

ರಬ್ಬರು ಅಂದರೆ ಎಲ್ಲವೂ ಒಂದೇ ಅಲ್ಲ. ಸಾಧಾರಣ ಬಾವಿಗೆ ಸಾಲುವ ನೈಟ್ರೈಲ್ ರಬ್ಬರು ಹೆಚ್ಚಿನ ಕಾವಿನಲ್ಲಿ ಬಿರುಸಾಗುವುದು. ಗಂಧಕದ ದುರ್ವಾಯು ಇರುವೆಡೆ ಬೇಗನೆ ಬಿರಿಯುವುದು. ಒತ್ತಡದಲ್ಲಿರುವಾಗ ಅನಿಲವು ರಬ್ಬರಿನ ಮೈಯೊಳಕ್ಕೆ ಇಂಗುವುದೂ ಉಂಟು. ಒತ್ತಡವನ್ನು ಥಟ್ಟನೆ ಇಳಿಸಿದರೆ ಆ ಅನಿಲವು ಹಿಗ್ಗಿ ರಬ್ಬರನ್ನು ಒಳಗಿನಿಂದಲೇ ಸೀಳುವುದು. ಪ್ಲಗ್ಗು ಕೂದಲೆಳೆಯಷ್ಟು ಸೋರಿದರೂ ಸಾಕು, ಮರಳು ಬೆರೆತ ನೀರು ಆ ಸಂದಿನಲ್ಲಿ ಗರಗಸದಂತೆ ಹರಿದು ಉಕ್ಕಿನ ಗೋಡೆಯನ್ನೇ ಕೊರೆಯುವುದು. ೧೯೮೬ರಲ್ಲಿ ಚಾಲೆಂಜರ್ ಎಂಬ ಆಕಾಶನೌಕೆಯೂ ಅದರೊಳಗಿದ್ದ ಏಳು ಜನರೂ ನಾಶವಾದದ್ದು ಚಳಿಗೆ ಬಿರುಸಾದ ರಬ್ಬರಿನ ಉಂಗುರವೊಂದರಿಂದಲೇ ಎಂಬುದನ್ನು ನೆನೆದರೆ, ಇಂತಹ ವಸ್ತುಗಳನ್ನು ಅಲ್ಪವೆಂದು ಬಗೆಯುವ ಮನಸ್ಸು ಯಾರಿಗೂ ಬಾರದು.

ಒಳಗಿನ ಈ ಬಿರಡೆಗಿಂತಲೂ ಮುಖ್ಯವಾದದ್ದು ಹೊರಗಿನ ಬಿರಡೆ. ಉಕ್ಕಿನ ಕೊಳವೆಗೂ ತೋಡಿದ ನೆಲಕ್ಕೂ ನಡುವೆ ಉಳಿಯುವ ಸಂದಿಗೆ ಸಿಮೆಂಟನ್ನು ತುಂಬುವರು. ಕೊಳವೆಯೊಳಗಿನಿಂದ ಕೆಳಕ್ಕೆ ನೂಕಿದ ಸಿಮೆಂಟು ತಳದಿಂದ ಹೊರಬಂದು ಸುತ್ತಲೂ ಮೇಲಕ್ಕೇರಬೇಕು. ತೋಡುವಾಗ ಬಳಸಿದ ಕೆಸರು ಎಲ್ಲಿಯಾದರೂ ಉಳಿದುಕೊಂಡಿದ್ದರೆ, ಅಥವಾ ಸಿಮೆಂಟು ಗಟ್ಟಿಯಾಗುವ ಮುನ್ನವೇ ಅನಿಲವು ಅದರೊಳಗೆ ಗುಳ್ಳೆಯೆದ್ದರೆ, ಸಣ್ಣ ಓಣಿಯೊಂದು ಉಳಿದುಬಿಡುವುದು. ಆ ಓಣಿ ಯಾರ ಕಣ್ಣಿಗೂ ಕಾಣತಕ್ಕದ್ದಲ್ಲ. ಧ್ವನಿಯ ಅಲೆಗಳನ್ನು ಹಾಯಿಸಿ ಸಿಮೆಂಟಿನ ಹಿಡಿತವನ್ನು ಅಳೆಯಬಹುದು, ಒತ್ತಡವನ್ನು ಹಾಕಿ ನೋಡಬಹುದು. ಆದರೆ ನೋಡಬೇಕು! ಬಾಡಿಗೆಯ ಯಂತ್ರಗಳು ಗಂಟೆಗಂಟೆಗೂ ಹಣವನ್ನು ನುಂಗುತ್ತಿರುವಾಗ ನೋಡುವ ತಾಳ್ಮೆ ಎಷ್ಟು ಜನಕ್ಕೆ ಇದ್ದೀತು?

ಒಹಾಯೋ ಸಂಸ್ಥಾನದ ಬೇನ್‌ಬ್ರಿಜ್ ಎಂಬ ಊರಿನಲ್ಲಿ ಈ ತಾಳ್ಮೆಯು ತಪ್ಪಿತು. ಅಲ್ಲಿಯ ಅನಿಲಬಾವಿಯೊಂದರಲ್ಲಿ ಸಿಮೆಂಟಿನ ಕೆಲಸವು ಸರಿಯಾಗಿ ಕೂಡಿಬಂದಿರಲಿಲ್ಲ. ಅದನ್ನು ಸರಿಪಡಿಸದೆಯೇ ೨೦೦೭ರ ನವೆಂಬರಿನಲ್ಲಿ ಬಂಡೆಯನ್ನು ಸೀಳಿದರು. ಆ ಬಳಿಕ ಕೊಳವೆಗಳ ನಡುವಣ ಸಂದನ್ನು ೩೧ ದಿನಗಳ ಕಾಲ ಹೆಚ್ಚು ಕಡಿಮೆ ಮುಚ್ಚಿಯೇ ಇಟ್ಟರು. ಹೊರಗೆ ದಾರಿ ಕಾಣದ ಅನಿಲವು ನೆಲದಡಿಯ ನೀರಿನ ಪದರಕ್ಕೆ ನುಗ್ಗಿತು. ನೀರಿನ ಜೊತೆಯಲ್ಲಿ ಮನೆಗಳನ್ನು ಹೊಕ್ಕಿತು. ಡಿಸೆಂಬರ್ ೧೫ರಂದು ಮನೆಯೊಂದು ಸ್ಫೋಟಗೊಂಡಿತು. ಒಳಗಿದ್ದ ಇಬ್ಬರು ಉಳಿದದ್ದು ದೈವವಶಾತ್. ಕುಂದಿದ ಸಿಮೆಂಟು, ಆ ಕುಂದನ್ನು ಸರಿಪಡಿಸದೆ ಬಂಡೆ ಸೀಳಿದ್ದು, ಆಮೇಲೆ ಸಂದನ್ನು ಮುಚ್ಚಿಟ್ಟದ್ದು, ಈ ಮೂರನ್ನೂ ಅಲ್ಲಿಯ ಸಂಸ್ಥಾನ ಸರಕಾರದ ಖನಿಜ ಇಲಾಖೆಯೇ ೨೦೦೮ರ ವರದಿಯಲ್ಲಿ ಕಾರಣಗಳೆಂದು ಒಪ್ಪಿಕೊಂಡಿತು.

ಅದಾಗಿ ಒಂದು ವರ್ಷಕ್ಕೆ, ೨೦೦೯ರ ಜನವರಿ ೧ರಂದು, ಪೆನ್ಸಿಲ್ವೇನಿಯಾದ ಡಿಮೊಕ್ ಗ್ರಾಮದಲ್ಲಿ ಕುಡಿಯುವ ನೀರಿನ ಬಾವಿಯೇ ಸಿಡಿಯಿತು. ಆ ಸಂಸ್ಥಾನದ ಅಧಿಕಾರಿಗಳು ಸುತ್ತಲಿನ ಒಂಬತ್ತು ಚದರ ಮೈಲುಗಳೊಳಗೆ ಹೊಸ ಬಾವಿಗಳನ್ನು ತಡೆದರು. ವ್ಯಾಜ್ಯವು ಎಳೆದುಕೊಂಡು ಹೋಗಿ, ೨೦೨೨ರ ನವೆಂಬರಿನಲ್ಲಿ ಸಂಬಂಧಪಟ್ಟ ಕಂಪನಿಯು ನ್ಯಾಯಾಲಯದಲ್ಲಿ ಆರೋಪಗಳನ್ನು ಪ್ರತಿಭಟಿಸುವುದಿಲ್ಲವೆಂದು ಹೇಳಿ, ಗ್ರಾಮಕ್ಕೆ ನೀರಿನ ಕೊಳವೆ ಹಾಕಿಸಲು ೧ ಕೋಟಿ ೬೦ ಲಕ್ಷ ಡಾಲರುಗಳಿಗೂ ಮಿಗಿಲಾದ ಹಣವನ್ನು ಕೊಡಲೊಪ್ಪಿತು. ಸಿಡಿದ ಬಾವಿಗೂ ಒಪ್ಪಿದ ಹಣಕ್ಕೂ ನಡುವೆ ಹದಿಮೂರು ವರ್ಷಗಳು ಕಳೆದಿದ್ದುವು ಎಂಬುದನ್ನು ವಾಚಕರು ಗಮನಿಸಬೇಕು.

ಕಂಪನಿಗಳ ಪರವಾಗಿ ಹೇಳುವವರ ವಾದವನ್ನು ನಾವು ಕೇಳದೆ ಬಿಟ್ಟಿಲ್ಲ. ಸೀಳುವ ಬಂಡೆಯು ಕುಡಿಯುವ ನೀರಿನ ಪದರಕ್ಕಿಂತ ಸಾವಿರಾರು ಅಡಿಗಳ ಕೆಳಗಿರುವುದು, ಬಿರುಕು ಅಷ್ಟು ಎತ್ತರಕ್ಕೆ ಏರಲಾರದು ಎಂಬುದು ಅವರ ಮಾತು. ಇದು ಬಹುಮಟ್ಟಿಗೆ ನಿಜ. ಪೆನ್ಸಿಲ್ವೇನಿಯಾ ಮತ್ತು ಟೆಕ್ಸಾಸಿನ ನೀರಿನ ಬಾವಿಗಳಲ್ಲಿ ಸಿಕ್ಕ ಅನಿಲವನ್ನು ಪರೀಕ್ಷಿಸಿ ೨೦೧೪ರಲ್ಲಿ ವರದಿ ಪ್ರಕಟಿಸಿದ ವಿಜ್ಞಾನಿಗಳೂ ಬಿರುಕಿನ ಮೇಲೆ ತಪ್ಪು ಹೊರಿಸಲಿಲ್ಲ. ಸಿಮೆಂಟು ಮತ್ತು ಕೇಸಿಂಗ್ ಕೊಳವೆಗಳ ಸೋಲನ್ನೇ ಕಾರಣವಾಗಿ ತೋರಿಸಿದರು. ಆದರೆ ಇದರಿಂದ ಕಂಪನಿಗಳ ಹೊಣೆ ಹಗುರವಾಯಿತೆಂದು ತಿಳಿಯುವುದು ವಿಚಿತ್ರವಾದ ತರ್ಕ. ಬಂಡೆಯ ನಡತೆ ಮನುಷ್ಯನ ಕೈಯಲ್ಲಿಲ್ಲ. ಬಿರಡೆಯ ನಡತೆ ಅವನ ಕೈಯಲ್ಲಿದೆ. ಆಳದ ಅನಿಲಕ್ಕೂ ಹಳ್ಳಿಯ ನೀರಿಗೂ ನಡುವೆ ನಿಸರ್ಗವು ಕಟ್ಟಿದ ಗೋಡೆಯನ್ನು ತೂತು ಮಾಡಿದುದು ಬಾವಿಯೇ ಆಗಿರುವಾಗ, ಆ ತೂತನ್ನು ಭದ್ರವಾಗಿ ಮುಚ್ಚುವ ಭಾರವು ಬಾವಿ ತೋಡಿದವನದಲ್ಲದೆ ಮತ್ತಾರದು? ಅಮೇರಿಕೆಯ ಪರಿಸರ ಸಂರಕ್ಷಣ ಇಲಾಖೆಯು ೨೦೧೬ರ ಡಿಸೆಂಬರಿನಲ್ಲಿ ಹೊರಡಿಸಿದ ಅಂತಿಮ ವರದಿಯಲ್ಲಿ, ಕುಡಿಯುವ ನೀರಿಗೆ ಅಪಾಯ ಒದಗುವ ಸಂದರ್ಭಗಳನ್ನು ಎಣಿಸುತ್ತ, ಭದ್ರತೆಯಿಲ್ಲದ ಬಾವಿಯೊಳಕ್ಕೆ ದ್ರವವನ್ನು ನುಗ್ಗಿಸುವುದನ್ನು ಸ್ಪಷ್ಟವಾಗಿ ಸೇರಿಸಿದೆ. ಅದೇ ಅಮೇರಿಕೆಯು ೨೦೦೫ರ ಶಾಸನದಿಂದ ಡೀಸೆಲ್ ಬಳಸದ ಫ್ರ್ಯಾಕಿಂಗನ್ನು ಕುಡಿಯುವ ನೀರಿನ ಕಾಯಿದೆಯ ಭೂಗರ್ಭ ನಿಬಂಧನೆಗಳಿಂದ ಹೊರತುಪಡಿಸಿತ್ತೆಂಬುದನ್ನು ಇದರ ಜೊತೆಗೇ ಓದಿಕೊಳ್ಳಬೇಕು. ಮೊದಲು ವಿನಾಯಿತಿ, ಆಮೇಲೆ ವಿಚಾರಣೆ!

ಈಗ ನಮ್ಮ ದೇಶದ ಕಡೆಗೆ ಬರೋಣ. ನಮಗೆ ಬೇಕಾಗುವ ಕಚ್ಚಾ ತೈಲದಲ್ಲಿ ನೂರಕ್ಕೆ ೮೫ಕ್ಕೂ ಮಿಕ್ಕ ಭಾಗವು ಪರದೇಶಗಳಿಂದ ಬರಬೇಕಾಗಿದೆ. ಈ ಪರಾವಲಂಬನೆಯನ್ನು ಕುಗ್ಗಿಸುವ ಯಾವ ಪ್ರಾಮಾಣಿಕ ಪ್ರಯತ್ನವನ್ನೂ ನಾವು ವಿರೋಧಿಸುವವರಲ್ಲ. ರಾಣಿಗಂಜದ ಕಲ್ಲಿದ್ದಲ ಕ್ಷೇತ್ರದಲ್ಲಿ ಪದರಗಳನ್ನು ಸೀಳಿ ಮಿಥೇನ್ ತೆಗೆಯುವ ಕೆಲಸವು ವರ್ಷಗಳಿಂದ ನಡೆದಿದೆ. ಅಲ್ಲಿಗೆ ಸಮೀಪದ ದುರ್ಗಾಪುರದ ಬಳಿ ೨೦೧೧ರ ಜನವರಿಯಲ್ಲಿ ಸರಕಾರದ ಒ.ಎನ್.ಜಿ.ಸಿ. ಸಂಸ್ಥೆಯು ಶೇಲ್ ಅನಿಲವನ್ನು ಹೊರತಂದಿತು. ೨೦೧೩ರಲ್ಲಿ ಸರಕಾರದ ತೈಲಸಂಸ್ಥೆಗಳಿಗೆ ಶೇಲ್ ಶೋಧನೆಯ ಅನುಮತಿ ದೊರೆಯಿತು. ೨೦೧೮ರ ನೀತಿಯು ಖಾಸಗಿಯವರಿಗೂ ಆ ಬಾಗಿಲನ್ನು ತೆರೆಯಿತು. ಶೇಲ್ ಅನಿಲದಲ್ಲಿ ಈವರೆಗಿನ ಫಲವು ಸ್ವಲ್ಪವೇ. ಆದ್ದರಿಂದಲೇ ಕಟ್ಟುಪಾಡುಗಳನ್ನು ಕಟ್ಟಲು ಇದು ಸುಸಮಯ. ಬಾವಿಗಳು ಸಾವಿರಗಟ್ಟಲೆಯಾದ ಮೇಲೆ ನಿಯಮ ಮಾಡಹೊರಟ ಅಮೇರಿಕೆಯ ಪಾಡು ನಮ್ಮೆದುರಿಗಿದೆ.

ನಮ್ಮಲ್ಲಿ ಬಿರಡೆಯ ಶಿಸ್ತು ಹೇಗಿದೆಯೆಂಬುದಕ್ಕೆ ಸಾಕ್ಷಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಅಸ್ಸಾಮಿನ ತಿನ್‌ಸುಕಿಯಾ ಜಿಲ್ಲೆಯು ಹಿಂದುಸ್ಥಾನದ ತೈಲೋದ್ಯಮದ ತವರು. ೧೯೦೧ರಲ್ಲಿ ಶುದ್ಧೀಕರಣಾಲಯ ಕಂಡ ದಿಗ್ಬಾಯಿ ಇರುವುದು ಅಲ್ಲಿಯೇ. ಅದೇ ಜಿಲ್ಲೆಯ ಬಾಘಜಾನಿನಲ್ಲಿ, ಸರಕಾರದ್ದೇ ಆದ ಆಯಿಲ್ ಇಂಡಿಯಾ ಸಂಸ್ಥೆಯ ಐದನೆಯ ಸಂಖ್ಯೆಯ ಬಾವಿಯು ೨೦೨೦ರ ಮೇ ೨೭ರಂದು ಬಾಯಿಬಿಟ್ಟಿತು. ಅಲ್ಲಿ ನಡೆಯುತ್ತಿದ್ದುದು ಬಂಡೆ ಸೀಳುವ ಕೆಲಸವಲ್ಲ, ಬಾವಿಯ ದುರಸ್ತಿ. ಆದರೆ ತಪ್ಪಿದ್ದು ಬಿರಡೆಯೇ. ಒಳಗೆ ಹಾಕಿದ ಸಿಮೆಂಟಿನ ತಡೆಯು ನಿಂತಿದೆಯೇ ಇಲ್ಲವೇ ಎಂಬುದನ್ನು ಪರೀಕ್ಷಿಸಿ ಖಚಿತಪಡಿಸಿಕೊಳ್ಳದೆಯೇ ಬಾಯಿಯ ಮೇಲಿದ್ದ ತಡೆಯಂತ್ರವನ್ನು ತೆಗೆದರೆಂದು ಹಸುರು ನ್ಯಾಯಮಂಡಲಿಯು ನೇಮಿಸಿದ ನ್ಯಾಯಮೂರ್ತಿ ಕಟಕೆಯವರ ಸಮಿತಿಯು ತಿಳಿಸಿತು. ಜೂನ್ ೯ರಂದು ಬೆಂಕಿ ಹೊತ್ತಿತು, ಅಗ್ನಿಶಾಮಕ ದಳದ ಇಬ್ಬರು ಸತ್ತರು, ಮನೆಗಳು ಸುಟ್ಟುವು, ಸಾವಿರಾರು ಜನರು ಶಿಬಿರಗಳನ್ನು ಸೇರಿದರು, ದಿಬ್ರು-ಸೈಖೋವಾ ಅರಣ್ಯದ ನೆರೆಯ ಮಾಗುರಿ-ಮೊಟಾಪುಂಗ್ ಕೆರೆಯ ಮೇಲೆ ಎಣ್ಣೆ ಹರಡಿ, ಮೀನು ಹಿಡಿದು ಬದುಕುವವರ ಅನ್ನವು ಹೋಯಿತು. ನವೆಂಬರ್ ೧೫ರ ವರೆಗೆ ಆ ಬಾವಿಯು ಅಡಗಲಿಲ್ಲ. ತೈಲದ ಅನುಭವವು ನೂರು ವರ್ಷಗಳಿಗೂ ಹಳೆಯದಾದ ಜಿಲ್ಲೆಯಲ್ಲಿ, ಸರಕಾರದ ಸ್ವಂತ ಸಂಸ್ಥೆಯ ಬಾವಿಯಲ್ಲಿ ಹೀಗಾದರೆ, ಈ ಕೆಲಸಕ್ಕೆ ಹೊಸದಾಗಿ ಬರುವವರ ಬಾವಿಗಳಲ್ಲಿ ಪರೀಕ್ಷೆಯು ತಾನಾಗಿಯೇ ನಡೆದೀತೆಂದು ನಂಬಲು ಆಧಾರವೇನು?

೧೯೪೮ರ ಮೂಲ ಕಾಯಿದೆಯಲ್ಲಿ ನಿಯಮ ಮುರಿದವನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ೧,೦೦೦ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಇದ್ದುವು. ಸಾವಿರ ರೂಪಾಯಿಯ ದಂಡವು ಇಂದು ನಗೆಪಾಟಲೆಂಬುದನ್ನು ಯಾರೂ ಅಲ್ಲಗಳೆಯರು. ತಿದ್ದುಪಡಿಯು ಸೆರೆಯನ್ನು ತೆಗೆದು ದಂಡವನ್ನು ೨೫ ಲಕ್ಷ ರೂಪಾಯಿಗಳವರೆಗೂ, ಅಪರಾಧ ಮುಂದುವರಿದರೆ ದಿನಕ್ಕೆ ೧೦ ಲಕ್ಷದವರೆಗೂ ಏರಿಸಿದೆ. ದಂಡ ವಿಧಿಸುವವರು ನ್ಯಾಯಾಧೀಶರಲ್ಲ. ಕೇಂದ್ರ ಸರಕಾರದ ಜಂಟಿ ಕಾರ್ಯದರ್ಶಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ಬರವಣಿಗೆಯ ತಪ್ಪಿಗೂ ಲೆಕ್ಕಪತ್ರದ ವಿಳಂಬಕ್ಕೂ ಉದ್ಯಮಿಯನ್ನು ಸೆರೆಗೆ ತಳ್ಳಬಾರದೆಂಬುದು ಒಪ್ಪತಕ್ಕ ಮಾತೇ. ಆದರೆ ಸಿಮೆಂಟು ನಿಂತಿಲ್ಲವೆಂದು ತಿಳಿದೂ ಬಾವಿಗೆ ಒತ್ತಡ ಹಾಕುವವನ ಕೃತ್ಯವು ಲೆಕ್ಕಪತ್ರದ ವಿಳಂಬವೆ? ಒಂದು ದಿನ ಯಂತ್ರಗಳನ್ನು ನಿಲ್ಲಿಸಿದರೆ ಆಗುವ ನಷ್ಟವನ್ನು ೨೫ ಲಕ್ಷದೊಡನೆ ತೂಗಿ ನೋಡುವ ಲೆಕ್ಕಿಗನು ಪ್ರತಿಯೊಂದು ಕಂಪನಿಯಲ್ಲಿಯೂ ಇರುವನು. ಅವನ ತಕ್ಕಡಿಯಲ್ಲಿ ಹಳ್ಳಿಯವರ ಬಾವಿಯ ನೀರಿಗೆ ತೂಕವಿರುವುದಿಲ್ಲ.

ಆದುದರಿಂದ ಈ ಕಾಯಿದೆಯಡಿಯ ನಿಯಮಗಳಲ್ಲಿಯೂ ಗುತ್ತಿಗೆಯ ಕರಾರುಗಳಲ್ಲಿಯೂ ಮೂರು ವಿಷಯಗಳು ಅನುಮಾನಕ್ಕೆ ಎಡೆಯಿಲ್ಲದಂತೆ ಬರೆಯಲ್ಪಡಬೇಕೆಂದು ನಮ್ಮ ಅಭಿಪ್ರಾಯ. ಬಾವಿ ತೋಡುವ ಮುಂಚೆ ಸುತ್ತಲಿನ ಕುಡಿಯುವ ನೀರಿನ ಬಾವಿಗಳನ್ನು ಸರಕಾರದ ಖರ್ಚಿನಲ್ಲಲ್ಲ, ಗುತ್ತಿಗೆದಾರನ ಖರ್ಚಿನಲ್ಲಿ, ಆದರೆ ಅವನಿಗೆ ಅಧೀನರಲ್ಲದವರಿಂದ ಪರೀಕ್ಷಿಸಿ ಇಡಬೇಕು. ಇಲ್ಲವಾದರೆ, ನೀರಿನಲ್ಲಿ ಮಿಥೇನ್ ಮೊದಲೇ ಇತ್ತೆಂಬ ವಾದವು ಡಿಮೊಕ್ಕಿನಲ್ಲಿ ವರ್ಷಗಟ್ಟಲೆ ಕೇಳಿಬಂದಂತೆ ಇಲ್ಲಿಯೂ ಕೇಳಿಬರುವುದು. ಎರಡನೆಯದಾಗಿ, ಸಿಮೆಂಟಿನ ಹಿಡಿತವನ್ನೂ ಕೊಳವೆಯ ಒತ್ತಡವನ್ನೂ ಪರೀಕ್ಷಿಸಿದ ದಾಖಲೆಯು ಗಣಿ ಸುರಕ್ಷಾ ಇಲಾಖೆಯ ಕೈಸೇರಿ ಒಪ್ಪಿಗೆ ಪಡೆಯುವ ವರೆಗೆ ಒಂದು ಖಂಡವನ್ನೂ ಸೀಳಕೂಡದು. ಸೀಳುವ ಕಾಲದಲ್ಲಿ ಕೊಳವೆಗಳ ನಡುವಣ ಸಂದಿನ ಒತ್ತಡವನ್ನು ಬಿಡದೆ ಅಳೆಯುತ್ತಿದ್ದು, ಅದು ಏರಿದೊಡನೆ ಕೆಲಸವನ್ನು ನಿಲ್ಲಿಸಬೇಕು. ಬೇನ್‌ಬ್ರಿಜ್ಜಿನ ಮನೆಯನ್ನು ಉಳಿಸಲು ಇಷ್ಟು ಸಾಕಾಗಿತ್ತು. ಮೂರನೆಯದು ಅಧಿಕಾರಿಗಳಿಗೆ ರುಚಿಸಲಾರದು: ಈ ದಾಖಲೆಗಳ ಪ್ರತಿಯೊಂದು ಆ ಗ್ರಾಮದ ಪಂಚಾಯತಿಯಲ್ಲಿ, ಅಲ್ಲಿಯವರ ಭಾಷೆಯಲ್ಲಿ, ಕೇಳಿದವರಿಗೆ ಸಿಕ್ಕುವಂತೆ ಇರಬೇಕು.

ಇಷ್ಟರಿಂದ ತೈಲೋದ್ಯಮವು ನಿಂತುಹೋಗುವುದೆಂದು ಹೇಳುವವರು ಇರಬಹುದು. ಪರೀಕ್ಷೆಗೆ ತಗಲುವ ಹೊತ್ತು ಕೆಲವು ದಿನಗಳದು. ಬಾಘಜಾನಿನ ಬಾವಿಯನ್ನು ಅಡಗಿಸಲು ಹಿಡಿದದ್ದು ಐದೂವರೆ ತಿಂಗಳು. ಸಂಸತ್ತಿನಲ್ಲಿ ಈ ತಿದ್ದುಪಡಿಗೆ ಕೈಯೆತ್ತಿದ ಕನ್ನಡ ಸದಸ್ಯರಲ್ಲಿ ಯಾರಾದರೂ ಮುಂದಿನ ಅಧಿವೇಶನದಲ್ಲಿ ಒಂದು ಪ್ರಶ್ನೆಯನ್ನು ಕೇಳಲಿ: ರಾಣಿಗಂಜದಲ್ಲಿ ಈವರೆಗೆ ಸೀಳಿದ ಬಾವಿಗಳೊಳಗೆ ಎಷ್ಟರ ಸಿಮೆಂಟಿನ ಪರೀಕ್ಷೆಯ ದಾಖಲೆಗಳು ಸರಕಾರದ ಬಳಿ ಇವೆ, ಅವನ್ನು ಅಲ್ಲಿಯ ಜನರು ಎಲ್ಲಿಗೆ ಹೋಗಿ ನೋಡಬಹುದು?