ಮಲಪ್ರಭೆಯ ಕೊಳ್ಳಕ್ಕೆ ಹೊಸ ಹಾದಿ ಬೇಕಿಲ್ಲ

ಪುಣೆಯ ಕನ್ನಡಿಗರಲ್ಲಿ ಸೈಕಲ್ಲಿನ ಹುಚ್ಚು ಹಿಡಿದವರು ಕಡಿಮೆಯೇನಿಲ್ಲ. ಸಿಂಹಗಡದ ಏರು ಹಳತಾಯಿತೆನಿಸಿದಾಗ ಅವರು ದಪ್ಪ ಗಾಲಿಯ ಮೌಂಟನ್ ಬೈಕುಗಳನ್ನು ಸೊಲ್ಲಾಪುರ, ವಿಜಯಪುರ ಮಾರ್ಗದ ಗದಗಿನ ರೈಲಿಗೆ ಹಾಕಿಕೊಂಡು ಬಾದಾಮಿಯಲ್ಲಿ ಇಳಿಯುತ್ತಾರೆ. ನಾವೂ ಹಾಗೆ ಇಳಿದವರೇ. ಇಂತಹ ಗೆಳೆಯರ ನಡುವೆ ಈಚೆಗೆ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ. ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆಗಳನ್ನು ಜೋಡಿಸುವಂತೆ ಗುಡ್ಡಗಳ ಮೇಲೆ ಒಂದು ‘ಟ್ರೇಲ್’ ಕಡಿಯಬೇಕಂತೆ. ಇಳಿಜಾರುಗಳಲ್ಲಿ ತಿರುವುಗಳನ್ನೂ ಜಿಗಿತಕ್ಕೆ ದಿಬ್ಬಗಳನ್ನೂ ಕಟ್ಟಬೇಕಂತೆ. ಹಾಗೆ ಮಾಡಿದರೆ ಮಲಪ್ರಭೆಯ ಕೊಳ್ಳ ದೇಶದ ಸೈಕಲ್ ನಕ್ಷೆಯಲ್ಲಿ ಮೂಡುತ್ತದಂತೆ. ಈ ಮಾತನ್ನು ನಾವು ವಿರೋಧಿಸುತ್ತೇವೆ. ಸೈಕಲ್ ಬರಲಿ, ಹೊಸ ಹಾದಿ ಬೇಡ ಎಂಬುದು ನಮ್ಮ ನಿಲುವು.

ಮೊದಲು ಸೈಕಲ್ಲಿನ ಪರವಾಗಿ ಎರಡು ಮಾತು. ಪುಣೆ, ಮುಂಬಯಿಗಳಿಂದ ಹೋಗುವ ನಮ್ಮ ಜನ ಈ ಕೊಳ್ಳವನ್ನು ನೋಡುವ ರೀತಿ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಬಾದಾಮಿಯ ಗುಹೆಗಳು, ಮಧ್ಯಾಹ್ನದೊಳಗೆ ಪಟ್ಟದಕಲ್ಲು, ಸಂಜೆ ಐಹೊಳೆ, ರಾತ್ರಿ ಮರಳಿ ಹೆದ್ದಾರಿ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರ್, ಅಲ್ಲಿಂದ ಐಹೊಳೆಗೆ ಹದಿಮೂರು ಹದಿನಾಲ್ಕು. ಕಾರಿನಲ್ಲಿ ಕುಳಿತವರಿಗೆ ಇದು ದೂರವೇ ಅಲ್ಲ. ಆದ್ದರಿಂದಲೇ ಮೂರು ಊರುಗಳ ನಡುವಿನ ನಾಡು ಅವರ ಪಾಲಿಗೆ ಇಲ್ಲ. ಸೈಕಲ್ ತುಳಿಯುವವನಿಗೆ ಈ ನಡುವಿನ ನಾಡೇ ಮುಖ್ಯ. ಕೆಂಪು ಮರಳುಗಲ್ಲಿನ ಬಂಡೆ ಎಲ್ಲಿ ಮುಗಿದು ಎರೆ ಹೊಲ ಎಲ್ಲಿ ಶುರುವಾಗುತ್ತದೆ ಎಂಬುದು ಅವನ ಕಾಲಿಗೇ ತಿಳಿಯುತ್ತದೆ. 578ರಲ್ಲಿ ಮಂಗಳೇಶ ಗುಹೆಯಲ್ಲಿ ಶಾಸನ ಬರೆಸಿದಾಗ, 634ರಲ್ಲಿ ರವಿಕೀರ್ತಿ ಐಹೊಳೆಯ ಮೇಗುತಿಯಲ್ಲಿ ಪುಲಕೇಶಿಯ ಪ್ರಶಸ್ತಿ ಕೊರೆಸಿದಾಗ, ಈ ಊರುಗಳ ನಡುವೆ ಜನ ಎತ್ತು ನಡೆದಷ್ಟೇ ವೇಗದಲ್ಲಿ ಸಾಗುತ್ತಿದ್ದರು. ಆ ವೇಗಕ್ಕೆ ಕಾರಿಗಿಂತ ಸೈಕಲ್ ಹತ್ತಿರ. ಇದನ್ನು ಅಲ್ಲಗಳೆಯುವವರು ನಾವಲ್ಲ.

ಆದರೆ ಹಾದಿ ಕಡಿಯುವುದು ಬೇರೆ ಮಾತು. ಬಾದಾಮಿಯ ಗುಡ್ಡಗಳ ಮೇಲೆ ಮಣ್ಣು ಬಹಳ ತೆಳು. ಮರಳುಗಲ್ಲು ಸವೆದು ಉದುರಿದ ಆ ಪದರವನ್ನು ಹಿಡಿದಿಟ್ಟಿರುವುದು ಒಣಹುಲ್ಲಿನ ಬೇರು. ಇಳಿಜಾರಿನಲ್ಲಿ ಬ್ರೇಕ್ ಹಿಡಿದ ಗಾಲಿ ಉರುಳುವುದಿಲ್ಲ, ಜಾರುತ್ತದೆ. ಜಾರುವ ಗಾಲಿ ಹುಲ್ಲನ್ನು ಕೀಳುತ್ತದೆ, ಗೆರೆ ಕೊರೆಯುತ್ತದೆ. ಮುಂದಿನ ಮಳೆಯಲ್ಲಿ ಆ ಗೆರೆಯೇ ನೀರಿನ ಕಾಲುವೆ. ಎರಡು ಮಳೆಗಾಲ ಕಳೆದರೆ ಅದು ಕೊರಕಲು. ಕೊರಕಲನ್ನು ತಪ್ಪಿಸಲು ಸವಾರರು ಪಕ್ಕಕ್ಕೆ ಸರಿಯುತ್ತಾರೆ, ಅಲ್ಲೊಂದು ಹೊಸ ಗೆರೆ ಬೀಳುತ್ತದೆ. ಎಲ್ಲ ಬೆಟ್ಟಗಳಲ್ಲೂ ನಡೆಯುವುದು ಇದೇ. ಈ ಕೊಳ್ಳದಲ್ಲಿ ಮಾತ್ರ ಕೊಚ್ಚಿಹೋಗುವುದು ಬರಿಯ ಮಣ್ಣಲ್ಲ.

ಇದನ್ನು ಪುಣೆಯವರಾದ ನಾವು ಮರೆಯುವಂತೆಯೇ ಇಲ್ಲ. ಈ ಸೀಮೆಯ ಭೂರಚನೆಯನ್ನು ಕುರಿತ ರಾಬರ್ಟ್ ಬ್ರೂಸ್ ಫೂಟ್ ಅವರ ವರದಿ ಬಂದದ್ದು 1876ರಲ್ಲಿ. ಮುಂದೆ ನಮ್ಮ ಡೆಕ್ಕನ್ ಕಾಲೇಜಿನ ಆರ್. ವಿ. ಜೋಶಿಯವರು ಮಲಪ್ರಭೆಯ ದಂಡೆಯ ಗರಸು ಪದರಗಳನ್ನು ಅಳೆದು, ಅವುಗಳಲ್ಲಿ ಹುದುಗಿದ ಹಳೆ ಶಿಲಾಯುಗದ ಆಯುಧಗಳನ್ನು ಅಭ್ಯಸಿಸಿ ಬರೆದ ಗ್ರಂಥ 1955ರಲ್ಲಿ ಪ್ರಕಟವಾಯಿತು. ಚಾಲುಕ್ಯರಿಗಿಂತ ಲಕ್ಷಾಂತರ ವರ್ಷ ಹಿಂದಿನ ಕೈಗಳು ಕೆತ್ತಿದ ಕಲ್ಲುಗಳು ಈ ಕೊಳ್ಳದಲ್ಲಿ ಎಷ್ಟೋ ಕಡೆ ನೆಲದ ಮೇಲೆಯೇ ಬಿದ್ದಿವೆ. ನೋಡುವವನಿಗೆ ಅವು ಬರಿಯ ಕಲ್ಲು. ಅವು ಎಲ್ಲಿ, ಯಾವ ಪದರದಲ್ಲಿ ಬಿದ್ದಿವೆ ಎಂಬುದೇ ಅವುಗಳ ಸಾಕ್ಷ್ಯ. ಜಾಗ ಬಿಟ್ಟು ಕದಲಿದ ಕಲ್ಲು ಅರ್ಧ ಮೂಕವಾಗುತ್ತದೆ. ಟ್ರೇಲ್ ಕಡಿಯುವ ಗುದ್ದಲಿಗೆ ಈ ವಿವೇಚನೆ ಎಲ್ಲಿಂದ ಬರಬೇಕು?

ಕಾನೂನು ಇದೆಯಲ್ಲ ಎನ್ನುವವರಿದ್ದಾರೆ. ಇದೆ. 1958ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ 200 ಮೀಟರ್ ನಿಯಂತ್ರಿತ ವಲಯ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಟ್ಟದಕಲ್ಲಿನ ಗುಡಿಗಳಿಗೆ ಈ ಲೆಕ್ಕ ಸಾಕಾಗಬಹುದು. ಪಟ್ಟದಕಲ್ಲಿನ ಆಸುಪಾಸಿನ ಕಲ್ಲುಗಣಿಯಲ್ಲಿ ಕುಶಲಕರ್ಮಿಗಳು ತಮ್ಮ ಹೆಸರುಗಳನ್ನು ತಾವೇ ಕೊರೆದಿಟ್ಟಿದ್ದಾರೆ. ಸಿಡಿಲಫಡಿಯ ಬಂಡೆಯಾಸರೆಯಲ್ಲಿ ಇತಿಹಾಸಪೂರ್ವದ ಚಿತ್ರಗಳಿವೆ. ಇಂತಹವು ಗುಡ್ಡದ ತುಂಬ ಚದುರಿವೆ. ಗುಡಿಯ ಗೋಡೆಯಿಂದ ಮೀಟರ್ ಎಣಿಸುವ ಕಾನೂನಿಗೆ ಇಡೀ ಕೊಳ್ಳವನ್ನು ಕಾಯುವ ಶಕ್ತಿಯಿಲ್ಲ. ಕಾನೂನು ತಡೆಯದ ಕಡೆ ನಮ್ಮ ಸಂಕೋಚವೇ ನಮ್ಮನ್ನು ತಡೆಯಬೇಕು.

ಸಂಕೋಚವನ್ನು ನಾವೂ ತಡವಾಗಿಯೇ ಕಲಿತೆವು ಎಂದು ಒಪ್ಪಿಕೊಳ್ಳಬೇಕು. ಒಂದು ಹಿಂಗಾರಿನಲ್ಲಿ ಪಟ್ಟದಕಲ್ಲಿನ ಈಚೆಗೆ, ಫೋನಿನ ನಕ್ಷೆ ತೋರಿದ ಗೆರೆಯನ್ನು ನಂಬಿ ಜೋಳದ ಹೊಲಗಳ ನಡುವೆ ಇಳಿದೆವು. ಹಿಂದಿನ ದಿನ ಮಳೆಯಾಗಿತ್ತು. ಎರೆ ಮಣ್ಣು ಗಾಲಿಗೆ ಮೆತ್ತಿ ಚೌಕಟ್ಟಿಗೆ ಸಿಕ್ಕಿಕೊಂಡಾಗ ಸೈಕಲ್ಲುಗಳನ್ನು ಎಳೆದುಕೊಂಡು ಒಂದು ಏರಿಯನ್ನು ದಾಟಿದೆವು. ನಾವು ದಾಟಿದಲ್ಲಿ ಅದು ಕುಸಿಯಿತು. ಹೊಲದ ಹಿರಿಯರು ಬಂದು ನಮ್ಮನ್ನು ಬೈಯಲಿಲ್ಲ. “ಇದು ದಾರಿ ಅಲ್ರೀ, ಒಡ್ಡು. ದಾರಿ ಆ ಹುಣಸಿ ಗಿಡದ ಕಡಿಂದ ಐತಿ, ಹಂಗ ಬರ್ರಿ” ಎಂದಷ್ಟೇ ಹೇಳಿ ಕುಸಿದ ಕಡೆ ಕಲ್ಲು ಜೋಡಿಸಲು ಕುಳಿತರು. ನಾವೂ ಕುಳಿತೆವು, ಆದರೆ ಆ ಕೆಲಸ ನಮಗೆ ಬರುತ್ತಿರಲಿಲ್ಲ. ಮಳೆ ಕಡಿಮೆಯಾದ ಆ ಸೀಮೆಯಲ್ಲಿ ಒಡ್ಡು ಒಡೆದರೆ ಹೊಲದ ತೇವ ಹೋಗುತ್ತದೆ. ತೇವ ಹೋದರೆ ಹಿಂಗಾರಿ ಜೋಳ ಹೋಗುತ್ತದೆ. ನಕ್ಷೆಗೆ ಅದು ಬರಿಯ ಗೆರೆಯಾಗಿತ್ತು.

ಅವರು ಹೇಳಿದ ಹುಣಸೆ ಮರದ ದಾರಿ ಗಟ್ಟಿಯಾದ ಬಂಡಿ ಜಾಡು. ಸೈಕಲ್ಲಿಗೆ ಅದಕ್ಕಿಂತ ಒಳ್ಳೆಯ ಹಾದಿ ಬೇಕಿರಲಿಲ್ಲ. ನಮ್ಮ ವಾದದ ತಿರುಳೂ ಇದೇ. ಹಾದಿಗಳು ಇವೆ. ಊರಿನಿಂದ ಹೊಲಕ್ಕೆ, ಹೊಲದಿಂದ ಹೊಳೆಗೆ, ಬಾದಾಮಿಯಿಂದ ಗುಡ್ಡ ಹಾಯ್ದು ಮಹಾಕೂಟಕ್ಕೆ ಜನ ನಡೆದು ಸವೆಸಿದ ಹಾದಿಗಳಿವೆ. ಬನಶಂಕರಿಯ ಜಾತ್ರೆಗೆ ಬಂಡಿ ಕಟ್ಟಿಕೊಂಡು ಬಂದವರ ಹಾದಿಗಳಿವೆ. ಅವುಗಳನ್ನು ಕೇಳಿ ತಿಳಿಯಬೇಕು. ಕೇಳಲು ಕನ್ನಡ ಬೇಕು, ಆ ಕನ್ನಡ ನಮಗೆ ಬರುತ್ತದೆ. ಬರುತ್ತಿದ್ದರೂ ಕೇಳದೆ ಫೋನನ್ನು ನೋಡುವುದು ಹೊರನಾಡಿನ ಕನ್ನಡಿಗರಾದ ನಮಗೆ ಶೋಭೆ ತರುವುದಿಲ್ಲ.

ಹೆಸರುಗಳ ಮಾತೂ ಇಲ್ಲೇ ಬರುತ್ತದೆ. ಐಹೊಳೆಯ ಗುಡಿಗಳ ಹೆಸರುಗಳನ್ನು ಗಮನಿಸಿ: ಲಾಡಖಾನ ಗುಡಿ, ಗೌಡರ ಗುಡಿ, ಹುಚ್ಚಪ್ಪಯ್ಯನ ಗುಡಿ. ದೇವರ ಹೆಸರು ಮರೆತಲ್ಲಿ ಮನುಷ್ಯರ ಹೆಸರು ನಿಂತಿದೆ. ದುರ್ಗ ಗುಡಿಯ ಹೆಸರೂ ದೇವಿಯದಲ್ಲ, ಕೋಟೆಯದು. ನಾವು ಮಾಡಿದ್ದೇನು? ನಮ್ಮ ಮೊದಲ ಸವಾರಿಯ ದಾಖಲೆಗೆ ‘ಬಾದಾಮಿ ಲೂಪ್ ಒನ್’ ಎಂದು ಹೆಸರಿಟ್ಟು ಎಲ್ಲರಿಗೂ ಕಳಿಸಿದೆವು. ಹೊಸ ಟ್ರೇಲ್ ಬಂದರೆ ಪ್ರತಿ ತಿರುವಿಗೂ ಇಂತಹದೊಂದು ಹೆಸರು ಬೀಳುತ್ತದೆ. ಮುಂದೆ ಬರುವವರಿಗೆ ಅದೇ ಗುಡ್ಡದ ಹೆಸರಾಗುತ್ತದೆ.

ಟ್ರೇಲ್ ಬಂದರೆ ಹಳ್ಳಿಗಳಿಗೆ ಆದಾಯ ಬರುತ್ತದೆ ಎಂಬುದು ಎದುರು ಪಕ್ಷದ ಗಟ್ಟಿ ವಾದ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಈ ಕೊಳ್ಳದ ಜನ ಪರಂಪರೆಯ ಹೆಸರಿನಲ್ಲಿ ಈಗಾಗಲೇ ಸಾಕಷ್ಟು ಬಿಟ್ಟುಕೊಟ್ಟಿದ್ದಾರೆ. ಐಹೊಳೆಯಲ್ಲಿ ಗುಡಿಗಳ ನಡುವೆಯೇ ಬಾಳಿದ ಕುಟುಂಬಗಳನ್ನು ಬೇರೆಡೆಗೆ ಸಾಗಿಸುವ ಮಾತು ದಶಕಗಳಿಂದ ನಡೆದಿದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳಿಗೆ ನೀರು ನುಗ್ಗಿದಾಗ ದಂಡೆಯ ಹಳ್ಳಿಗಳ ಮನೆಗಳಿಗೂ ನುಗ್ಗಿತ್ತು. ಇಂತಹ ಜನರ ದನ ಮೇಯುವ ಗುಡ್ಡವನ್ನು ನಮ್ಮ ವಾರಾಂತ್ಯದ ವಿನೋದಕ್ಕೆ ಕೇಳುವುದು ನ್ಯಾಯವಲ್ಲ. ಆದಾಯಕ್ಕೆ ಹೊಸ ಹಾದಿ ಬೇಕಿಲ್ಲ. ಹಳ್ಳಿಯಲ್ಲಿ ಎರಡು ರಾತ್ರಿ ಉಳಿದು, ರೊಟ್ಟಿಗೆ ದುಡ್ಡು ಕೊಟ್ಟು, ದಾರಿ ತೋರಲು ಊರ ಹುಡುಗನನ್ನು ಕೂಲಿ ಕೊಟ್ಟು ಕರೆದೊಯ್ದರೆ ಆದಾಯ ಇಂದೇ ಬರುತ್ತದೆ.

ದೂರದ ಪುಣೆಯಲ್ಲಿ ಕುಳಿತು ಬುದ್ಧಿ ಹೇಳಲು ನೀವು ಯಾರು ಎಂದು ಕೇಳಬಹುದು. ಟ್ರೇಲ್ ಬೇಕೆನ್ನುತ್ತಿರುವವರೂ ಪುಣೆಯವರೇ. ನಾವು ಹೇಳುತ್ತಿರುವುದು ನಮ್ಮವರಿಗೇ.

ಆದ್ದರಿಂದ ಹೋಗುವ ಗೆಳೆಯರಲ್ಲಿ ನಮ್ಮ ಕೇಳಿಕೆ ಇಷ್ಟು. ಡಾಂಬರು ರಸ್ತೆ, ಬಂಡಿ ಜಾಡು, ಊರವರು ತೋರಿದ ಕಾಲುದಾರಿ, ಇವುಗಳ ಆಚೆ ಗಾಲಿ ಇಡಬೇಡಿ. ಮಳೆಯಾದ ಮರುದಿನ ಎರೆ ಭೂಮಿಗೆ ಇಳಿಯಬೇಡಿ. ಸಿಡಿಲಫಡಿಗೂ ಮೇಗುತಿಗೂ ಸೈಕಲ್ಲನ್ನು ಕೆಳಗೇ ಬಿಟ್ಟು ನಡೆದು ಹೋಗಿ. ಬಳ್ಳಾರಿ ಜಾಲಿಯ ಮುಳ್ಳು ದಪ್ಪ ಟೈರನ್ನೂ ಬಿಡುವುದಿಲ್ಲ. ಪಂಕ್ಚರ್ ಸಾಮಾನು ಜೊತೆಗಿರಲಿ, ಹಳೆಯ ಟ್ಯೂಬನ್ನು ಅಲ್ಲಿ ಎಸೆದು ಬರಬೇಡಿ. ಹಾದುಹೋದ ಪ್ರತಿ ಹಳ್ಳ, ಪ್ರತಿ ದಿನ್ನೆಯ ಹೆಸರನ್ನು ಊರವರಿಂದ ಕೇಳಿ ಬರೆದುಕೊಳ್ಳಿ. ಹಂಚಿಕೊಳ್ಳುವ ನಕ್ಷೆಯಲ್ಲಿ ಆ ಹೆಸರನ್ನೇ, ಕನ್ನಡದಲ್ಲೇ ಹಾಕಿ.

ನಮ್ಮ ‘ಬಾದಾಮಿ ಲೂಪ್ ಒನ್’ ದಾಖಲೆಯನ್ನು ನಾವು ಅಳಿಸಿದ್ದೇವೆ. ಈ ಹಿಂಗಾರಿನಲ್ಲಿ ಮತ್ತೆ ಹೋಗುವವರಿದ್ದೇವೆ. ಮೊದಲು ಹುಣಸೆ ಮರದ ದಾರಿ ಹಿಡಿದು ಆ ಹೊಲಕ್ಕೆ ಹೋಗಿ, ಒಡ್ಡು ನಿಂತಿದೆಯೇ ಎಂದು ನೋಡಿಬರುತ್ತೇವೆ.